ಬೆಲೆ ಕೇಳಿದಾಗ ಉತ್ತರ ಸಿಗದಿದ್ದರೆ: ಗ್ರಾಹಕ ಬೆಲೆ ಸೂಚ್ಯಂಕ ಮತ್ತು ನಮ್ಮ ಹಾಲು



ಪ್ರತಿ ತಿಂಗಳು 12ನೇ ತಾರೀಖಿನ ಸುಮಾರಿಗೆ "ಚಿಲ್ಲರೆ ಹಣದುಬ್ಬರ ಇಷ್ಟಕ್ಕೆ ಏರಿತು", "ಇಷ್ಟಕ್ಕೆ ಇಳಿಯಿತು" ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಪತ್ರಿಕೆ ಬಿಡಿಸುವವರಲ್ಲಿ ಈ ಸುದ್ದಿಯನ್ನು ದಾಟಿ ಮುಂದಿನ ಪುಟಕ್ಕೆ ಹೋಗುವವರೇ ಹೆಚ್ಚು. ಆದರೆ ಹಾಲಿನ ಮಾರಾಟ ದರ ಪರಿಷ್ಕರಣೆಯ ಮಾತು ಬಂದಾಗ "ಈಗಾಗಲೇ ಎಲ್ಲ ಬೆಲೆಗಳೂ ಏರಿವೆ, ಗ್ರಾಹಕನಿಗೆ ಇನ್ನಷ್ಟು ಹೊರೆ ಬೇಡ" ಎಂಬ ವಾದಕ್ಕೆ ಆಧಾರವಾಗುವುದು ಇದೇ ಅಂಕಿ. 2016ರಿಂದ ರಿಸರ್ವ್ ಬ್ಯಾಂಕು ಬಡ್ಡಿ ದರ ನಿರ್ಧರಿಸುವಾಗ ಮುಖ್ಯವಾಗಿ ನೋಡುವುದೂ ಇದನ್ನೇ. ಹಣದುಬ್ಬರವನ್ನು ಶೇ. 4ರ ಮಟ್ಟದಲ್ಲಿ, ಹೆಚ್ಚೆಂದರೆ ಅದಕ್ಕಿಂತ 2 ಮೇಲೆ ಅಥವಾ 2 ಕೆಳಗೆ ಇಡಬೇಕೆಂಬುದು ಬ್ಯಾಂಕಿಗೆ ಕೊಟ್ಟಿರುವ ಗುರಿ. ಆದ್ದರಿಂದ ಹಸು ಕೊಳ್ಳಲು ತೆಗೆದ ಸಾಲದ ಬಡ್ಡಿಗೂ ಈ ಅಂಕಿಗೂ ನಂಟಿದೆ.

ಈ ಅಂಕಿ ಬರುವುದು ಅಂಗಡಿ ಅಂಗಡಿಗೆ ಹೋಗಿ ಬೆಲೆ ಕೇಳಿ ಬರೆದುಕೊಂಡು ಬಂದ ಲೆಕ್ಕದಿಂದ. ಕೇಳಿದಾಗ ಉತ್ತರ ಸಿಗದಿದ್ದರೆ ಆ ಜಾಗವನ್ನು ಹೇಗೆ ತುಂಬುತ್ತಾರೆ, ಅದರಿಂದ ಏನಾಗುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ಬುಟ್ಟಿ ಮತ್ತು ತೂಕ

ಒಂದು ಸಂಸಾರ ತಿಂಗಳಿಗೆ ಕೊಳ್ಳುವ ಪದಾರ್ಥಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿದೆವು ಎಂದುಕೊಳ್ಳಿ. ಅಕ್ಕಿ, ಬೇಳೆ, ಹಾಲು, ಸೋಪು, ಬಸ್ ಚಾರ್ಜು, ಶಾಲೆಯ ಫೀಸು, ಎಲ್ಲವೂ ಅದರಲ್ಲಿವೆ. ಹೆಚ್ಚು ಖರ್ಚಾಗುವ ಪದಾರ್ಥಕ್ಕೆ ಹೆಚ್ಚು ತೂಕ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡು 2025ರ ಕೊನೆಯವರೆಗೆ ನಡೆದ ಸರಣಿಯಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ನೂರಕ್ಕೆ 6.61 ತೂಕವಿತ್ತು. ಹಳ್ಳಿಗಳ ಸೂಚ್ಯಂಕದಲ್ಲಿ 7.72, ಪಟ್ಟಣಗಳದ್ದರಲ್ಲಿ 5.33. ಅಂದರೆ ದೇಶದಲ್ಲೆಲ್ಲ ಹಾಲು, ಮೊಸರು, ತುಪ್ಪಗಳ ಬೆಲೆ ಶೇ. 10ರಷ್ಟು ಏರಿ ಉಳಿದದ್ದೆಲ್ಲ ಹಾಗೆಯೇ ಇದ್ದರೆ, ಒಟ್ಟು ಸೂಚ್ಯಂಕ ಏರುವುದು ಶೇ. 0.66ರಷ್ಟು. ಹಾಲಿನ ದರ ಏರಿದರೆ ಸಂಸಾರವೇ ಮುಳುಗಿತು ಎನ್ನುವವರಿಗೆ ಈ ಲೆಕ್ಕ ಹೇಳಬಹುದು.

ಆ ಸರಣಿಗಾಗಿ 1181 ಹಳ್ಳಿಗಳಲ್ಲೂ 310 ಪಟ್ಟಣಗಳ 1114 ಮಾರುಕಟ್ಟೆಗಳಲ್ಲೂ ಬೆಲೆ ಸಂಗ್ರಹಿಸುತ್ತಿದ್ದರು. 2011ರಲ್ಲಿ ಹಳ್ಳಿಗಳ ಸೂಚ್ಯಂಕ ಮೊದಲು ಹೊರಬಂದಾಗ ಹಳ್ಳಿಯ ಬೆಲೆ ಬರೆದು ಕಳಿಸುತ್ತಿದ್ದವರು ನಮ್ಮ ಅಂಚೆಯವರು. ಆಮೇಲೆ ಆ ಕೆಲಸ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸಿಬ್ಬಂದಿಗೆ ಬಂತು. ಒಂದೊಂದು ಹಳ್ಳಿಗೆ ತಿಂಗಳಿಗೊಮ್ಮೆ, ಇಂತಿಂತಹ ವಾರ ಎಂದು ಮೊದಲೇ ಗೊತ್ತು ಮಾಡಿ ಹೋಗುತ್ತಾರೆ. 2026ರ ಫೆಬ್ರುವರಿಯಲ್ಲಿ 2024 ಆಧಾರ ವರ್ಷದ ಹೊಸ ಸರಣಿ ಹೊರಬಂದಿದೆ. ಅದರಲ್ಲಿ ಹಳ್ಳಿಗಾಡಿನ ಮಾರುಕಟ್ಟೆಗಳು 1465, ಪಟ್ಟಣದವು 1395.

ತೂಕ ಎಲ್ಲಿಂದ ಬಂತು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ಮನೆ ಮನೆಗೆ ಹೋಗಿ ಮಾಡುವ ಬಳಕೆ ವೆಚ್ಚದ ಸಮೀಕ್ಷೆಯಿಂದ ಬರುತ್ತದೆ. 2023-24ರ ಸಮೀಕ್ಷೆಯಲ್ಲಿ ದೇಶದಲ್ಲಿ 2,61,953 ಮನೆಗಳವರನ್ನು ಕೇಳಿದ್ದಾರೆ. ನಮ್ಮ ಸದಸ್ಯರು ಎಡವಬಹುದಾದ ಜಾಗ ಒಂದಿದೆ. "ಹಾಲಿಗೆ ಎಷ್ಟು ಖರ್ಚು?" ಎಂದು ಕೇಳಿದರೆ "ನಾವು ಹಾಲು ಕೊಳ್ಳುವುದಿಲ್ಲ ಸ್ವಾಮಿ, ಮನೆಯಲ್ಲೇ ಕರೀತೀವಿ" ಎಂದು ಯಜಮಾನರು ಹೇಳಿ ಕಳಿಸುತ್ತಾರೆ. ಆದರೆ ಮನೆಯಲ್ಲೇ ಕರೆದು ಮನೆಯವರೇ ಕುಡಿದ ಹಾಲೂ ಆ ಸಮೀಕ್ಷೆಯಲ್ಲಿ ಬಳಕೆಯೇ. ಉತ್ಪಾದಕನಿಗೆ ಸಿಗುವ ದರದಲ್ಲಿ ಅದಕ್ಕೆ ಬೆಲೆ ಕಟ್ಟಿ ಬರೆದುಕೊಳ್ಳಬೇಕು. ಬೆಳಿಗ್ಗೆ ಸಂಘಕ್ಕೆ ಹಾಕುವ ಮುನ್ನ ಮನೆಗೆ ಎಷ್ಟು ಉಳಿಸಿಕೊಂಡೆವು ಎಂಬುದು ಗೊತ್ತಿರುವುದು ಮನೆಯ ಹೆಣ್ಣುಮಕ್ಕಳಿಗೆ. ಹಾಗಾಗಿ ಈ ಪ್ರಶ್ನೆಗೆ ಅವರನ್ನೇ ಕರೆಯುವುದು ಒಳ್ಳೆಯದು.

ಹೋಗಿ ಬಂದದ್ದು ಬೇರೆ, ಬೆಲೆ ಸಿಕ್ಕಿದ್ದು ಬೇರೆ

2012ರ ಸರಣಿಯ ಮಾಸಿಕ ಪ್ರಕಟಣೆಗಳ ಕೊನೆಯಲ್ಲಿ ಯಾರೂ ಓದದ ಒಂದು ಸಾಲು ಇರುತ್ತಿತ್ತು. ಈ ತಿಂಗಳು ಎಷ್ಟು ಹಳ್ಳಿ, ಎಷ್ಟು ಮಾರುಕಟ್ಟೆಗಳಿಗೆ ಹೋಗಿ ಬಂದೆವು ಎಂಬುದು ಒಂದು ಅಂಕಿ. ಹೋದ ಕಡೆ ಎಷ್ಟು ಬೆಲೆಗಳು ದೊರೆತವು ಎಂಬುದು ಇನ್ನೊಂದು. ಸಾಮಾನ್ಯ ತಿಂಗಳುಗಳಲ್ಲಿ ಮೊದಲನೆಯದು ಹಳ್ಳಿಗಳಿಗೆ ಶೇ. 99, 100ರ ಹತ್ತಿರ ಇರುತ್ತಿತ್ತು. ಎರಡನೆಯದು ಶೇ. 90ರ ಆಸುಪಾಸು. ಅಂದರೆ ಸಿಬ್ಬಂದಿ ಊರಿಗೆ ಬಂದಿದ್ದಾರೆ, ಆದರೆ ಕೇಳಿದ ಹತ್ತು ಬೆಲೆಗಳಲ್ಲಿ ಸುಮಾರು ಒಂದು ಸಿಕ್ಕಿಲ್ಲ.

ಸಿಗದಿರಲು ಅಂಗಡಿಯವರ ಮೊಂಡುತನವೇ ಕಾರಣವೆಂದು ತಿಳಿಯಬಾರದು. ಆ ಪದಾರ್ಥ ಆ ತಿಂಗಳು ಬಂದೇ ಇಲ್ಲದಿರಬಹುದು; ಮಾವಿನಹಣ್ಣನ್ನು ಡಿಸೆಂಬರಿನಲ್ಲಿ ಕೇಳಿದರೆ ಎಲ್ಲಿಂದ ತರುವುದು? ಅಂಗಡಿ ಮುಚ್ಚಿರಬಹುದು, ಸಂತೆ ದಿನ ಬದಲಾಗಿರಬಹುದು. ತೆರಿಗೆಯವರು ಬಂದರೆಂದು ಹೆದರುವವರೂ ಇದ್ದಾರೆ.

ಹತ್ತರಲ್ಲಿ ಒಂಬತ್ತು ಸಿಕ್ಕಿತಲ್ಲ, ಸಾಲದೇ ಎಂದು ತಾವು ಕೇಳಬಹುದು. ಹಾಲು ಪರೀಕ್ಷಕರಿಗೆ ಇದರ ಉತ್ತರ ಚೆನ್ನಾಗಿ ಗೊತ್ತು. ರಾತ್ರಿಯಿಡೀ ನಿಂತ ಕ್ಯಾನಿನಲ್ಲಿ ಕೆನೆ ಮೇಲೆ ಬಂದಿರುತ್ತದೆ. ಪ್ಲಂಜರ್ ಹಾಕಿ ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಫ್ಯಾಟ್ ಹೆಚ್ಚು ಬರುತ್ತದೆ. ಚಿಕ್ಕ ಸೌಟಿನ ಬದಲು ದೊಡ್ಡ ಸೌಟಿನಲ್ಲಿ ತೆಗೆದರೂ ಆ ದೋಷ ಹೋಗುವುದಿಲ್ಲ. ಮಾದರಿ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಇಡೀ ಕ್ಯಾನನ್ನು ಪ್ರತಿನಿಧಿಸುತ್ತದೆಯೇ ಎಂಬುದು ಮುಖ್ಯ. ನಮ್ಮ ಬರಡು ರಾಸುಗಳ ಚಿಕಿತ್ಸಾ ಶಿಬಿರಗಳೂ ಹೀಗೆಯೇ. ಶಿಬಿರಕ್ಕೆ ಬಂದ ರಾಸುಗಳಲ್ಲಿ ಅರ್ಧಕ್ಕೆ ಗರ್ಭಕೋಶದ ತೊಂದರೆ ಕಂಡಿತೆಂದು ಊರಿನ ಅರ್ಧ ರಾಸುಗಳಿಗೆ ತೊಂದರೆಯಿದೆ ಎನ್ನಲಾಗದು. ಚೆನ್ನಾಗಿ ಕಟ್ಟುವ ಹಸುವನ್ನು ಶಿಬಿರಕ್ಕೆ ಹಿಡಿದು ತರುವವರು ಯಾರು?

ಒಂದು ಲೆಕ್ಕ

ಒಂದು ಪಟ್ಟಣದಲ್ಲಿ ಹಾಲು ಮಾರುವವರು ಹತ್ತು ಮಂದಿ ಎಂದಿಟ್ಟುಕೊಳ್ಳಿ. ಇದು ನಾನು ಪಾಠಕ್ಕಾಗಿ ಮಾಡಿಕೊಂಡ ಲೆಕ್ಕ. ಆರು ಪ್ಯಾಕೆಟ್ ಹಾಲಿನ ಬೂತುಗಳು, ಲೀಟರಿಗೆ 46 ರೂಪಾಯಿ. ಉಳಿದ ನಾಲ್ವರು ಮನೆ ಮನೆಗೆ ವರ್ತನೆ ಹಾಲು ಹಾಕುವವರು, ಲೀಟರಿಗೆ 50 ರೂಪಾಯಿ. ಈ ತಿಂಗಳು ಪ್ಯಾಕೆಟ್ ದರ ಬದಲಾಗಿಲ್ಲ. ವರ್ತನೆಯವರು 55 ರೂಪಾಯಿ ಮಾಡಿದ್ದಾರೆ, ಅಂದರೆ ಶೇ. 10 ಏರಿಕೆ. ಹತ್ತು ಮಂದಿಯೂ ಉತ್ತರ ಕೊಟ್ಟರೆ ಸರಾಸರಿ ಏರಿಕೆ ಶೇ. 4. ಇದು ನಿಜವಾದ ಅಂಕಿ.

ಬೆಲೆ ಕೇಳುವವರು ಬರುವುದು ಹನ್ನೊಂದು ಗಂಟೆಗೆ. ಬೂತು ತೆರೆದಿರುತ್ತದೆ, ದರದ ಬೋರ್ಡು ಗೋಡೆಯ ಮೇಲೆಯೇ ಇದೆ. ವರ್ತನೆಯವರು ಬೆಳಿಗ್ಗೆ ಆರಕ್ಕೆ ಸೈಕಲ್ಲೋ ಬೈಕೋ ಹತ್ತಿ ಎಂಟಕ್ಕೆಲ್ಲ ಊರಿಗೆ ಮರಳಿರುತ್ತಾರೆ. ನಾಲ್ವರೂ ಸಿಗಲಿಲ್ಲ ಎನ್ನಿ. ಸಿಕ್ಕಿದ್ದು ಶೇ. 60 ಉತ್ತರ, ಕಂಡ ಏರಿಕೆ ಸೊನ್ನೆ.

ಈಗ ತಿರುಗಿಸಿ. ನಾಲ್ಕು ಬೂತುಗಳು ಯಾವುದೋ ಕಾರಣಕ್ಕೆ ಮುಚ್ಚಿವೆ, ಎರಡು ತೆರೆದಿವೆ. ವರ್ತನೆಯವರು ನಾಲ್ವರೂ ಸಿಕ್ಕಿದ್ದಾರೆ. ಉತ್ತರ ಈಗಲೂ ಶೇ. 60. ಆದರೆ ಏರಿಕೆ ಶೇ. 6.7 ಎಂದು ಬರುತ್ತದೆ. ಎರಡು ಸಂದರ್ಭಗಳಲ್ಲೂ ಉತ್ತರ ಬಂದ ಪ್ರಮಾಣ ಒಂದೇ. ಒಂದರಲ್ಲಿ ಏನೂ ಏರಿಲ್ಲ, ಇನ್ನೊಂದರಲ್ಲಿ ವಿಪರೀತ ಏರಿದೆ. (ಸರ್ಕಾರಿ ಲೆಕ್ಕದಲ್ಲಿ ಗುಣೋತ್ತರ ಸರಾಸರಿ ಬಳಸುವುದರಿಂದ ಈ ಅಂಕಿಗಳು ಕೂದಲೆಳೆಯಷ್ಟು ಕಡಿಮೆಯಾಗುತ್ತವೆ, ಅಷ್ಟೆ.)

ಬಾರದ ಬೆಲೆಯನ್ನು ಖಾಲಿ ಬಿಡುವಂತಿಲ್ಲ, ಏನಾದರೂ ತುಂಬಲೇಬೇಕು. ಅದಕ್ಕೆ ಸುಲಭದ ದಾರಿ, ಹಿಂದಿನ ತಿಂಗಳ ಬೆಲೆಯನ್ನೇ ಮತ್ತೆ ಬರೆಯುವುದು. ಬೆಲೆ ಏರುತ್ತಿರುವ ಕಾಲದಲ್ಲಿ ಇದು ಏರಿಕೆಯನ್ನು ಮುಚ್ಚಿಡುತ್ತದೆ. ಮುಂದಿನ ಸಲ ಉತ್ತರ ಸಿಕ್ಕಾಗ ಎರಡು ಮೂರು ತಿಂಗಳ ಏರಿಕೆ ಒಂದೇ ತಿಂಗಳಲ್ಲಿ ನೆಗೆದಂತೆ ಕಾಣುತ್ತದೆ. ಅಂತರರಾಷ್ಟ್ರೀಯ ಸೂಚ್ಯಂಕ ಕೈಪಿಡಿಯೂ ಇದನ್ನು ಆದಷ್ಟು ಮಾಡಬಾರದೆಂದೇ ಹೇಳುತ್ತದೆ. ಎರಡನೆಯ ದಾರಿ, ಸಿಕ್ಕ ಬೆಲೆಗಳು ಎಷ್ಟು ಏರಿವೆಯೋ ಸಿಗದವೂ ಅಷ್ಟೇ ಏರಿವೆ ಎಂದು ಹಾಕುವುದು. ನಮ್ಮ ಮೊದಲ ಸಂದರ್ಭಕ್ಕೆ ಈ ಎರಡೂ ದಾರಿ ಹಿಡಿದು ನೋಡಿ. ಎರಡರಲ್ಲೂ ಸೊನ್ನೆಯೇ ಬರುತ್ತದೆ! ಬೂತಿನ ದರ ನೋಡಿ ವರ್ತನೆ ಹಾಲಿನ ದರ ಊಹಿಸಲು ಹೊರಟರೆ ಹೀಗಾಗುತ್ತದೆ.

ನಾಲ್ವರು ವರ್ತನೆಯವರಲ್ಲಿ ಒಬ್ಬರೇ ಒಬ್ಬರು ಸಿಕ್ಕಿ 55 ರೂಪಾಯಿ ಎಂದು ಹೇಳಿದ್ದರೆ? ಉಳಿದ ಮೂವರ ಜಾಗವನ್ನು ಬೂತಿನಿಂದ ತುಂಬದೆ, ಅವರಂತೆಯೇ ಮಾರುವ ಈ ಒಬ್ಬರ ಉತ್ತರದಿಂದ ತುಂಬಬಹುದಿತ್ತು. ಆಗ ಲೆಕ್ಕ ಸರಿಯಾಗಿ ಶೇ. 4ಕ್ಕೆ ಬರುತ್ತದೆ. ಒಬ್ಬರ ಉತ್ತರಕ್ಕೆ ಇಷ್ಟು ಬೆಲೆಯಿದೆ. ತುಂಬುವುದು ತಪ್ಪಲ್ಲ, ಯಾವುದರಿಂದ ತುಂಬುತ್ತೇವೆ ಎಂಬುದನ್ನು ನೋಡಬೇಕು.

2020ರ ಮಾರ್ಚಿಯಲ್ಲಿ ನಡೆದದ್ದು

ಇದೆಲ್ಲ ಕಾಗದದ ಮೇಲಿನ ಲೆಕ್ಕವೆಂದು ತಿಳಿಯಬೇಡಿ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 19ರಿಂದ, ಸಿಬ್ಬಂದಿ ಅಂಗಡಿಗಳಿಗೆ ಹೋಗಿ ಬೆಲೆ ಕೇಳುವುದನ್ನು ದೇಶದಾದ್ಯಂತ ನಿಲ್ಲಿಸಬೇಕಾಯಿತು. ಮಾರ್ಚ್ ತಿಂಗಳಿಗೆ ಸಿಕ್ಕಿದ್ದು ಸುಮಾರು ಶೇ. 66ರಷ್ಟು ಬೆಲೆಗಳು. ಏಪ್ರಿಲ್‌ನಲ್ಲಿ ಅಂಗಡಿಗಳಿಗೆ ಫೋನ್ ಮಾಡಿ ಕೇಳಿದರು. ಜೊತೆಗೆ ಸಿಬ್ಬಂದಿಯೇ ತಮ್ಮ ಮನೆಗೆ ಪಕ್ಕದ ಅಂಗಡಿಯಿಂದ ಸಾಮಾನು ತಂದಾಗ ಕೊಟ್ಟ ಬೆಲೆಗಳನ್ನೂ ಸೇರಿಸಿಕೊಂಡರು. ಅಷ್ಟಾದರೂ ಒಟ್ಟು ಸೂಚ್ಯಂಕ ಕಟ್ಟುವಷ್ಟು ಮಾಹಿತಿ ಆಗಲಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಿಗೆ ಒಟ್ಟು ಅಂಕಿಯನ್ನು ಆಗ ಪ್ರಕಟಿಸದೆ, ಸಾಕಷ್ಟು ಬೆಲೆ ದೊರೆತ ಗುಂಪುಗಳ ಚಲನೆಯನ್ನು ಮಾತ್ರ ಕೊಟ್ಟರು. ನನ್ನ ದೃಷ್ಟಿಯಲ್ಲಿ ಅದು ಪ್ರಾಮಾಣಿಕವಾದ ಕ್ರಮ. ಜುಲೈ ತಿಂಗಳಲ್ಲಿ ಅಂದಾಜಿನಿಂದ ತುಂಬಿದ ಅಂಕಿಗಳು ಬಂದವು. ಏಪ್ರಿಲ್‌ನ ಹಣದುಬ್ಬರ ಶೇ. 7.2ರಷ್ಟು ಎಂದಾಯಿತು.

ಅದಾದ ಮೇಲೆ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನ ಸಮಿತಿ, ಬಡ್ಡಿ ನೀತಿಯ ಮಟ್ಟಿಗೆ ಆ ಎರಡು ತಿಂಗಳನ್ನು ಸರಣಿಯಲ್ಲಿ ಬಿದ್ದ ಬಿರುಕೆಂದು ಭಾವಿಸಬಹುದೆಂದಿತು. ತುಂಬಿದ ಅಂಕಿ ಅಚ್ಚಾಯಿತು, ಆದರೆ ಅದನ್ನು ಬಳಸಬೇಕಾದವರೇ ಪಕ್ಕಕ್ಕಿಟ್ಟರು.

ಆ ದಿನಗಳು ನಮಗೆ ಇನ್ನೊಂದನ್ನೂ ತೋರಿಸಿದವು. ಹೋಟೆಲು, ಟೀ ಅಂಗಡಿ, ಮದುವೆಗಳು ನಿಂತು ಹಾಲು ಉಳಿಯಿತು. 2020ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರವೇ ಉಳಿದ ಹಾಲು ಕೊಂಡು ಬಡವರಿಗೆ ಉಚಿತವಾಗಿ ಹಂಚಿತು. ಪ್ಯಾಕೆಟ್ ಮೇಲಿನ ದರ ಮಾತ್ರ ಹಿಂದಿನ ತಿಂಗಳದ್ದೇ. ಸೂಚ್ಯಂಕ ಅಳೆಯುವುದು ಗ್ರಾಹಕ ಕೊಡುವ ಬೆಲೆಯನ್ನು. ಉತ್ಪಾದಕನ ಕಷ್ಟ ಅದರಲ್ಲಿ ಕಾಣುವುದಿಲ್ಲ. ಹಿಂಡಿ, ಬೂಸಾ, ಪಶು ಆಹಾರ ಆ ಬುಟ್ಟಿಯಲ್ಲೇ ಇಲ್ಲ, ಏಕೆಂದರೆ ಅವು ಸಂಸಾರದ ಬಳಕೆಯಲ್ಲ. ಹಾಲಿನ ದರದ ಚರ್ಚೆಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕವೊಂದನ್ನೇ ಮುಂದಿಡುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೆರಿಕದಲ್ಲಿ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಹಣ ಮಂಜೂರಾಗದೆ ಸರ್ಕಾರಿ ಕಚೇರಿಗಳು ಮುಚ್ಚಿದವು. ಅಕ್ಟೋಬರ್ ತಿಂಗಳ ಬೆಲೆ ಸಂಗ್ರಹ ನಡೆಯಲಿಲ್ಲ, ಆ ತಿಂಗಳ ಸೂಚ್ಯಂಕವೂ ಬರಲಿಲ್ಲ. ಮನೆ ಬಾಡಿಗೆಯ ಲೆಕ್ಕದಲ್ಲಿ ಹಿಂದಿನ ಅಂಕಿಯನ್ನೇ ಮುಂದಕ್ಕೆ ಒಯ್ದದ್ದರಿಂದ ಅಕ್ಟೋಬರ್‌ನಲ್ಲಿ ಬಾಡಿಗೆ ಏರಲೇ ಇಲ್ಲವೆಂಬಂತಾಯಿತು. ನವೆಂಬರ್‌ನ ಹಣದುಬ್ಬರ ಎಲ್ಲರೂ ಎಣಿಸಿದ್ದಕ್ಕಿಂತ ಕಡಿಮೆ ಬಂದಾಗ ಅರ್ಥಶಾಸ್ತ್ರಜ್ಞರು ಮೊದಲು ಬೆರಳು ಮಾಡಿದ್ದು ಅಲ್ಲಿಗೇ. ಅದಕ್ಕೆ ಮುಂಚೆಯೂ, ಸಿಬ್ಬಂದಿ ಕೊರತೆಯಿಂದ ಅಲ್ಲಿ ಕೆಲವು ನಗರಗಳಲ್ಲಿ ಬೆಲೆ ಕೇಳುವುದನ್ನೇ ನಿಲ್ಲಿಸಿದ್ದರು. ತುಂಬಿದ ಬೆಲೆಗಳ ಪೈಕಿ ಹತ್ತಿರದ ಹೋಲಿಕೆ ಸಿಗದೆ ದೂರದ ಹೋಲಿಕೆಯಿಂದ ತುಂಬಿದ್ದೇ 2025ರ ಮಧ್ಯಭಾಗದಲ್ಲಿ ನೂರಕ್ಕೆ 30ನ್ನು ದಾಟಿತ್ತು. ವರ್ತನೆ ಹಾಲಿಗೆ ಬೂತಿನ ದರ ಹಾಕಿದಂತೆ!

ಉತ್ತರ ಸಿಕ್ಕರೂ ತಪ್ಪಬಹುದು

ನಂದಿನಿ ನೀಲಿ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 1ರಿಂದ ಲೀಟರಿಗೆ 42 ರೂಪಾಯಿ ಇತ್ತು. 2024ರ ಜೂನ್ 26ರಿಂದ ಅದೇ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ತುಂಬಿ 44 ರೂಪಾಯಿ ಮಾಡಿದರು. 2025ರ ಏಪ್ರಿಲ್ 1ರಿಂದ ಮತ್ತೆ 1000 ಮಿ.ಲೀ., ದರ 46. ಅಂಗಡಿಯವರನ್ನು "ಪ್ಯಾಕೆಟ್ ಎಷ್ಟು?" ಎಂದಷ್ಟೇ ಕೇಳಿದರೆ 42, 44, 46 ಎಂದು ಎರಡೆರಡು ರೂಪಾಯಿಯಂತೆ ಎರಡು ಸಲ ಏರಿದ ಹಾಗೆ ಕಾಣುತ್ತದೆ. ಅಳತೆಯನ್ನೂ ಕೇಳಿ ಲೀಟರಿಗೆ ಇಳಿಸಿದರೆ 42, 41.90, 46. ಅಂದರೆ 2024ರ ಜೂನ್‌ನಲ್ಲಿ ಲೀಟರಿನ ಬೆಲೆ ಏರಿರಲಿಲ್ಲ, ಹತ್ತು ಪೈಸೆಯಷ್ಟು ಇಳಿದಿತ್ತು. ಏರಿಕೆ ಪೂರ್ತಿಯಾಗಿ ಬಂದದ್ದು 2025ರ ಏಪ್ರಿಲ್‌ನಲ್ಲಿ. ಬೂತಿನವರು ಉತ್ತರ ಕೊಟ್ಟಿದ್ದಾರೆ, ಸುಳ್ಳನ್ನೂ ಹೇಳಿಲ್ಲ. ಆದರೂ ಅಳತೆ ಬಿಟ್ಟುಹೋದರೆ ಏರಿಕೆ ಬೇರೆ ತಿಂಗಳಿಗೆ ಹೋಗಿ ಕೂರುತ್ತದೆ. ಕಂಪನಿಗಳು ಬಿಸ್ಕತ್ತು, ಸೋಪುಗಳಲ್ಲಿ ಮಾಡುವುದು ಇದರ ತಿರುವುಮುರುವು. ಬೆಲೆ ಹಾಗೇ ಬಿಟ್ಟು ಗ್ರಾಂ ಕಡಿಮೆ ಮಾಡುತ್ತವೆ.

ನಮ್ಮ ಸಂಘಗಳಲ್ಲಿ

ಪಶು ಆಹಾರದ ದರ, ಮೇವಿನ ಖರ್ಚು, ಕೂಲಿ ಎಂದು ಹಾಲು ಉತ್ಪಾದನಾ ವೆಚ್ಚದ ವಿವರ ಕೇಳಿ ಆಗಾಗ ಸದಸ್ಯರಲ್ಲಿಗೆ ಬರುವವರುಂಟು. ಅವರಿಗೆ ಸುಲಭವಾಗಿ ಸಿಗುವುದು ಹತ್ತು ಹಸು ಕಟ್ಟಿದ, ಲೆಕ್ಕದ ಪುಸ್ತಕ ಇಟ್ಟ ಸದಸ್ಯರು. ಒಂದು ಹಸು ಕಟ್ಟಿ ಬದುವಿನ ಹುಲ್ಲು ಕೊಯ್ದು ತರುವ ಹೆಣ್ಣುಮಗಳು ಆ ಹೊತ್ತಿಗೆ ಹೊಲದಲ್ಲಿರುತ್ತಾಳೆ. ಅವಳ ದುಡಿಮೆಯ ಗಂಟೆಗಳು ಲೆಕ್ಕಕ್ಕೆ ಬರಬೇಕಾದರೆ ಸಂಜೆ ಹಾಲು ಹಾಕುವ ವೇಳೆಯಲ್ಲಿ ಸಂಘದ ಬಾಗಿಲಲ್ಲೇ ಕೇಳಬೇಕು. ಕಾರ್ಯದರ್ಶಿಗಳು ಬಂದವರಿಗೆ ಇಷ್ಟನ್ನು ತಿಳಿಸಿದರೆ ಸಾಕು, ಅರ್ಧ ಕೆಲಸವಾದಂತೆ.

ಸಂಘದಲ್ಲಿ ಸ್ಥಳೀಯ ಮಾರಾಟವಿದ್ದು ಬೆಲೆ ಕೇಳುವ ಸಿಬ್ಬಂದಿ ಅಲ್ಲಿಗೆ ಬಂದರೆ, ದರದ ಜೊತೆಗೆ ಅಳತೆ ಮತ್ತು ಹಾಲಿನ ಬಗೆಯನ್ನೂ ಹೇಳಬೇಕು. ಹಸುವಿನದೋ ಎಮ್ಮೆಯದೋ, ಬಿಡಿ ಹಾಲೋ ಪ್ಯಾಕೆಟ್ಟೋ ಎಂಬುದನ್ನು. ಅವರು ಬರುವ ವಾರ ಗೊತ್ತಿರುವುದರಿಂದ ಆ ದಿನ ಸಂಘದ ಬಾಗಿಲು ಮುಚ್ಚಿದ ಮೇಲೆ ಯಾರನ್ನು ಕೇಳಬೇಕೆಂದು ಒಬ್ಬರನ್ನು ಗೊತ್ತು ಮಾಡಿಡಬಹುದು. ವರ್ತನೆ ಹಾಲು ಹಾಕುವ ಸದಸ್ಯರ ಮನೆ ಯಾವುದೆಂದು ತೋರಿಸಿದರೆ ಇನ್ನೂ ಒಳ್ಳೆಯದು. ತೆರಿಗೆಯ ಹೆದರಿಕೆ ಬೇಡ. ಅಂಕಿಅಂಶ ಸಂಗ್ರಹಣಾ ಅಧಿನಿಯಮ, 2008ರಡಿ ಪಡೆದ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

ಕಿರಾಣಿ ಅಂಗಡಿ ಇಟ್ಟಿರುವ ಸದಸ್ಯರಿಗೂ ಒಂದು ಮಾತು. ಕೇಳಿದ ಪದಾರ್ಥ ಈ ತಿಂಗಳು ತಮ್ಮಲ್ಲಿ ಇಲ್ಲದಿದ್ದರೆ "ಇಲ್ಲ" ಎಂದೇ ಬರೆಸಿ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ದಾಕ್ಷಿಣ್ಯಕ್ಕೆ ಹೋದ ತಿಂಗಳ ಬೆಲೆ ಹೇಳಿಬಿಟ್ಟರೆ ಅದು ಈ ತಿಂಗಳ ಬೆಲೆಯಾಗಿಯೇ ಲೆಕ್ಕಕ್ಕೆ ಸೇರುತ್ತದೆ. "ಇಲ್ಲ" ಎಂದು ಬರೆಸಿದ್ದರೆ ಪಕ್ಕದ ಊರಿನ ಅಂತಹುದೇ ಅಂಗಡಿಯ ಬೆಲೆ ನೋಡಿ ಆ ಜಾಗ ತುಂಬಲು ಅವರಿಗೆ ದಾರಿಯಿರುತ್ತದೆ.